ನಗರದ ಸಾಲ, ರಾಜ್ಯದ ಗಡಿ



ಕಲಬುರಗಿಯಿಂದ ಹುಮನಾಬಾದ್ ಕಡೆ ಹೊರಟರೆ ಕಮಲಾಪುರದಲ್ಲಿ ರಸ್ತೆ ಬದಿಗೆ ಕೆಂಪು ಬಾಳೆ ಸಿಗುತ್ತದೆ. ನಮ್ಮ ಹೆಮ್ಮೆಯ ಹಣ್ಣು. ಭೌಗೋಳಿಕ ಗುರುತಿನ (ಜಿಐ) ಮಾನ್ಯತೆಯೂ ಇದೆ. ಹಾಗಂತ ರಾಜ್ಯ ಸರ್ಕಾರ ಮಹಾರಾಷ್ಟ್ರದ ಸೊಲ್ಲಾಪುರದ ಬಾಳೆಗೆ ಮಾತ್ರ ತೆರಿಗೆ ಜಡಿದು ಕಮಲಾಪುರದ್ದನ್ನು ಬಿಡಬಹುದೇ? ಬಿಡುವಂತಿಲ್ಲ. ಹೊರರಾಜ್ಯದ ಸರಕಿಗೂ ಒಳಗಿನ ಸರಕಿಗೂ ತೆರಿಗೆಯಲ್ಲಿ ತಾರತಮ್ಯ ಕೂಡದು ಎನ್ನುತ್ತದೆ ಸಂವಿಧಾನದ 304(ಎ) ವಿಧಿ. 2016ರ ಜಿಂದಾಲ್ ಸ್ಟೇನ್‌ಲೆಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಿಡಿಸಿ ಹೇಳಿತು: ತೆರಿಗೆ ಹಾಕಿದ ಮಾತ್ರಕ್ಕೆ ವ್ಯಾಪಾರ ಸ್ವಾತಂತ್ರ್ಯಕ್ಕೆ ಭಂಗವಿಲ್ಲ, ತಾರತಮ್ಯ ಮಾಡಿದರೆ ಭಂಗ.

ಇದು ಸರಕಿನ ಮಾತಾಯಿತು. ಪಾಲಿಕೆ ಸಾಲ ಎತ್ತಲು ಮಾರುವ ಬಾಂಡ್ ಆದರೆ?

ಅಮೆರಿಕದ ಕೆಂಟಕಿ ರಾಜ್ಯ ತನ್ನ ಊರುಗಳ ಬಾಂಡ್ ಬಡ್ಡಿಗೆ ತೆರಿಗೆ ಬಿಟ್ಟು, ಬೇರೆ ರಾಜ್ಯದ ಬಾಂಡ್ ಬಡ್ಡಿಗೆ ಹಾಕುತ್ತಿತ್ತು. ಡೇವಿಸ್ ದಂಪತಿ ಕೋರ್ಟಿಗೆ ಹೋದರು. 2008ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೆಂಟಕಿಯ ಪರ ತೀರ್ಪಿತ್ತಿತು. ಸಾರ್ವಜನಿಕ ಕಾಮಗಾರಿಗೆ ಹಣ ಎತ್ತುವುದು ಸರ್ಕಾರದ ಕೆಲಸ, ಖಾಸಗಿ ವ್ಯಾಪಾರಿಗೆ ತೋರುವ ಪಕ್ಷಪಾತವಲ್ಲ ಎಂಬುದು ಅದರ ವಾದ.

ನಮ್ಮಲ್ಲಿ ಈ ಜಗಳಕ್ಕೆ ಆಸ್ಪದವೇ ಇಲ್ಲ. ಕೃಷಿ ಆದಾಯ ಬಿಟ್ಟರೆ ಆದಾಯ ತೆರಿಗೆಯೆಲ್ಲ ಕೇಂದ್ರದ ಕೈಯಲ್ಲಿದೆ. 2023ರಲ್ಲಿ ಇಂದೋರ್ ಪಾಲಿಕೆ ಸೌರ ವಿದ್ಯುತ್ ಘಟಕಕ್ಕೆಂದು ಶೇ 8.25ರ ಬಡ್ಡಿಯ ಬಾಂಡನ್ನು ಜನಸಾಮಾನ್ಯರಿಗೂ ಮಾರಿತು. ಕಲಬುರಗಿಯ ನೆಹರು ಗಂಜಿನ ತೊಗರಿ ವ್ಯಾಪಾರಿ ಅದರಲ್ಲಿ ಲಕ್ಷ ರೂಪಾಯಿ ತೊಡಗಿಸಿದರೆ ವರ್ಷಕ್ಕೆ 8,250 ರೂಪಾಯಿ ಬಡ್ಡಿ, ಅದರ ಮೇಲಿನ ತೆರಿಗೆ ಕೇಂದ್ರಕ್ಕೆ. ನಾಳೆ ಕಲಬುರಗಿ ಮಹಾನಗರ ಪಾಲಿಕೆಯೇ ಅಂಥ ಬಾಂಡ್ ತಂದರೂ ಲೆಕ್ಕ ಅಷ್ಟೇ. ನಮ್ಮೂರಿನದು ಅಂತ ವಿಧಾನಸೌಧ ಆ ಬಡ್ಡಿಯ ತೆರಿಗೆಯಲ್ಲಿ ಒಂದು ಪೈಸೆಯನ್ನೂ ಬಿಡಲಾರದು.

ಹಾಗಾದರೆ ರಾಜ್ಯ ಏನು ಮಾಡಬಲ್ಲದು? ಜಾಮೀನು ನಿಲ್ಲಬಹುದು. 1997ರಲ್ಲಿ ಬೆಂಗಳೂರು ಪಾಲಿಕೆ ದೇಶದ ಮೊದಲ ಪಾಲಿಕೆ ಬಾಂಡ್ ತಂದು 125 ಕೋಟಿ ರೂಪಾಯಿ ಎತ್ತಿದ್ದು ರಾಜ್ಯದ ಜಾಮೀನಿನ ಮೇಲೆ. ಸಣ್ಣ ಊರುಗಳನ್ನು ಒಗ್ಗೂಡಿಸಲೂಬಹುದು. 2005ರಲ್ಲಿ ಬೆಂಗಳೂರಿನ ಸುತ್ತಲಿನ 8 ಪಟ್ಟಣಗಳ ನೀರಿನ ಯೋಜನೆಗೆ ಒಟ್ಟಾಗಿ 100 ಕೋಟಿ ಎತ್ತಲಾಯಿತು. ಆ ಬಡ್ಡಿಗೆ ತೆರಿಗೆ ವಿನಾಯಿತಿ ಕೊಟ್ಟದ್ದೂ ಕೇಂದ್ರವೇ. ಕಮಲಾಪುರದಂಥ ಊರಿಗೆ ಒಂಟಿಯಾಗಿ ಬಾಂಡ್ ಮಾರುಕಟ್ಟೆ ಎಟುಕದು. ಅದಕ್ಕೆ ಒಗ್ಗಿ ಬರುವುದು ಈ ಎರಡನೆಯ ದಾರಿ.

ಊರಭಿಮಾನಕ್ಕೆ ತೆರಿಗೆ ರಿಯಾಯಿತಿ ಇಲ್ಲದ ಕಡೆ ಬಾಂಡಿಗೆ ಬೆಲೆ ತರುವುದು ಲೆಕ್ಕಪತ್ರ. ಮನೆ ಕಂದಾಯ, ನೀರಿನ ಬಿಲ್ಲು ಎಷ್ಟು ವಸೂಲಾಗಿವೆ, ಆಡಿಟ್ ಹೊತ್ತಿಗೆ ಸರಿಯಾಗಿ ಮುಗಿದಿದೆಯೇ? ಇಂದೋರಿನವರಿರಲಿ, ಕಲಬುರಗಿಯವರಿರಲಿ, ಸಾಲ ಕೊಡುವ ಮುಂಚೆ ಕೇಳುವುದು ಇದನ್ನೇ. ಪಾಲಿಕೆಯ ಬಜೆಟ್ ಸಭೆಯಲ್ಲಿ ನಾವೂ ಇದನ್ನೇ ಕೇಳೋಣ.