ರಂಟಿಯ ಕಟ್ಟಿಗೆ, ಕಿಸೆಯ ಪೆನ್ನು

ಗದಗ ಪಕ್ಕದ ಮಲ್ಲಸಮುದ್ರದಂಥ ಎರೆಹೊಲದ ಊರುಗಳಲ್ಲಿ ಟ್ರ್ಯಾಕ್ಟರ್ ಬಂದ ಮೇಲೆ ರಂಟಿ, ಕೂರಿಗೆ ಹಿತ್ತಲು ಸೇರಿದವು. ಎಷ್ಟೋ ಮನೆಗಳಲ್ಲಿ ನೀರೊಲೆಗೂ ಹೋದವು. ಹವ್ಯಾಸಕ್ಕೆಂದು ಕಟ್ಟಿಗೆಯ ಪೆನ್ನು ಮಾಡಿ ನಾಲ್ಕು ಮಾರೋಣ ಎನ್ನುವವರು ಮೊದಲು ಆ ಹಿತ್ತಲನ್ನೇ ನೋಡಬೇಕು.

ಕಾರಣ ಇದೆ. ಪೆನ್ನಿನ ಒಳಗೆ ಹಿತ್ತಾಳೆಯ ಸಣ್ಣ ಕೊಳವೆ ಇರುತ್ತದೆ. ಬೆರಳು ಗಾತ್ರದ ಕಟ್ಟಿಗೆಗೆ ತೂತು ಕೊರೆದು, ಕೊಳವೆಯನ್ನು ಉಪ್ಪುಕಾಗದದಿಂದ ತುಸು ಒರಟು ಮಾಡಿ, ಅಂಟು ಹಚ್ಚಿ ಕೂಡಿಸುತ್ತಾರೆ. ಆಮೇಲೆ ಲೇಥಿಗೆ ಏರಿಸಿ ಉಳಿ ಹಿಡಿಯುವುದು. ಕಟ್ಟಿಗೆ ಹಸಿ ಇದ್ದರೆ ಒಣಗುತ್ತ ಕುಗ್ಗುತ್ತದೆ, ಹಿತ್ತಾಳೆ ಹಾಗೆ ಕುಗ್ಗುವುದಿಲ್ಲ. ಮಾರಿದ ಪೆನ್ನು ನಮ್ಮ ಕಡೆಯ ಬೇಸಿಗೆಯಲ್ಲಿ ಉದ್ದಕ್ಕೆ ಸೀಳುತ್ತದೆ. ಹತ್ತಾರು ವರ್ಷ ಬಿಸಿಲು ಕಂಡ ರಂಟಿಯ ಜಾಲಿ ಕಟ್ಟಿಗೆಗೆ ಈ ಭಯ ಕಡಿಮೆ. ಆದರೆ ಹಳೆಯ ಮೊಳೆ ನೋಡಿಕೊಳ್ಳಿ. ಜಾಲಿಯ ಒಗರಿಗೆ ಕಬ್ಬಿಣ ತಾಗಿದಲ್ಲಿ ಮಸಿಯಂಥ ಕಪ್ಪು ಕಲೆ ಇರುತ್ತದೆ. ಕಲೆ ಪೆನ್ನಿಗೆ ಚೆಂದವೇ, ಒಳಗಿನ ಮೊಳೆ ಮಾತ್ರ ಉಳಿಯ ಬಾಯಿ ತಿನ್ನುತ್ತದೆ.

ಲೇಥ್ ನಮ್ಮ ಸೀಮೆಗೆ ಹೊಸದೇನಲ್ಲ. ಗದಗಿನ ತ್ರಿಕೂಟೇಶ್ವರದಲ್ಲಿ, ಲಕ್ಕುಂಡಿಯಲ್ಲಿ ಚಾಲುಕ್ಯರ ಕಾಲದವರು ಕಲ್ಲನ್ನೇ ತಿರುಗಿಸಿ ಕಂಬ ಕಡೆದಿದ್ದಾರೆ. ನಮ್ಮದು ಬರೀ ಕಟ್ಟಿಗೆ! ಮೆರುಗಿಗೆ ಚನ್ನಪಟ್ಟಣದ ಬೊಂಬೆಯವರ ದಾರಿ ಹಿಡಿಯಬಹುದು. ತಿರುಗುವ ಕಟ್ಟಿಗೆಗೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಹತ್ತಿಕೊಳ್ಳುತ್ತದೆ. ಅವರ ಹಾಲೆಮರ ಬಿಳಿ, ಬಣ್ಣ ಎದ್ದು ಕಾಣುತ್ತದೆ. ಜಾಲಿಗೆ ಬಣ್ಣವಿಲ್ಲದ ಅರಗೇ ಸಾಕು.

ಗಂಧ, ಬೀಟೆ, ಸಾಗವಾನಿಯ ಆಸೆ ಬೇಡ. ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಕಾಗದ ಬೇಕು. ಕಪ್ಪತಗುಡ್ಡವಂತೂ 2019ರಿಂದ ವನ್ಯಜೀವಿಧಾಮ. ಅಲ್ಲಿಂದ ಒಂದು ಕೊಂಬೆಯನ್ನೂ ತರುವಂತಿಲ್ಲ.

ಇನ್ನು ಬೆಲೆ. ಬಹಳ ಜನ ಎಡವುವುದು ಇಲ್ಲೇ. ಕೊಳವೆ, ಕ್ಲಿಪ್ಪು, ರಿಫಿಲ್ಲಿನ ಖರ್ಚು ಲೆಕ್ಕ ಹಾಕಿ ತಮ್ಮ ದುಡಿಮೆಯನ್ನು ಬಿಟ್ಟುಬಿಡುತ್ತಾರೆ. ನಿಮ್ಮೂರ ಬಡಗಿಯ ಒಂದು ದಿನದ ಪಗಾರವನ್ನು ಎಂಟರಿಂದ ಭಾಗಿಸಿ, ಪೆನ್ನಿಗೆ ಹಿಡಿದ ತಾಸುಗಳಿಂದ ಗುಣಿಸಿ, ಖರ್ಚಿಗೆ ಕೂಡಿಸಿ. ಕೆಟ್ಟುಹೋದ ಪೆನ್ನುಗಳ ಪಾಲನ್ನೂ ಸೇರಿಸಿ. ಆ ಮೊತ್ತ ಕೇಳಿದರೆ "ಅಂಗಡ್ಯಾಗ ಹತ್ತು ರೂಪಾಯಿಗೆ ಸಿಗತೈತಲ್ರೀ" ಅನ್ನುವವರು ಇದ್ದೇ ಇರುತ್ತಾರೆ. ಅವರು ನಿಮ್ಮ ಗಿರಾಕಿಗಳಲ್ಲ, ಜಗಳ ಬೇಡ.

ಗಿರಾಕಿ ಬೇರೆ ಕಡೆ ಇದ್ದಾರೆ. ನಿವೃತ್ತರಾಗುವ ಮಾಸ್ತರರಿಗೆ ಕಾಣಿಕೆ ಹುಡುಕುವ ಶಾಲೆಯವರು, ಬೆಂಗಳೂರಲ್ಲಿ ನೌಕರಿ ಮಾಡುವ ರೈತರ ಮಕ್ಕಳು. "ನಿಮ್ಮ ಮನೆಯ ರಂಟಿಯ ತುಂಡು ಕೊಡಿ, ಅದರಲ್ಲೇ ಮಾಡಿಕೊಡುತ್ತೇನೆ" ಎಂದು ನೋಡಿ. ಅಜ್ಜ ಹಿಡಿದ ಕಟ್ಟಿಗೆಯನ್ನು ಹತ್ತು ರೂಪಾಯಿಯ ಪೆನ್ನಿನ ಜೊತೆ ಯಾರೂ ತೂಗುವುದಿಲ್ಲ. ನನ್ನ ಮಟ್ಟಿಗೆ ಅಂಗಡಿಗೆ ಇಡುವುದಕ್ಕಿಂತ ಹೀಗೆ ಹೇಳಿ ಮಾಡಿಸುವ ಕೆಲಸವೇ ಹವ್ಯಾಸಿಗೆ ಸರಿ. ದಾಸ್ತಾನು ಕೂಡದು, ಬಂಡವಾಳ ಸಿಕ್ಕಿಕೊಳ್ಳದು.

ಜಿಎಸ್‌ಟಿಗೆ ಹೆದರಬೇಕಿಲ್ಲ. ರಾಜ್ಯದೊಳಗೆ ಸರಕು ಮಾರುವವರ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಬೇಡ. ಅದಕ್ಕಿಂತ ರಿಫಿಲ್ಲಿನ ಚಿಂತೆ ಮಾಡಿ. ತೀರ ತೆಳ್ಳನೆಯ ಪೆನ್ನಿನ ಬಿಡಿಭಾಗಕ್ಕೆ ಕ್ರಾಸ್ ಮಾದರಿಯ ಸಪೂರ ರಿಫಿಲ್ಲೇ ಬೇಕು, ಸಣ್ಣ ಊರಲ್ಲಿ ಅದು ಸಿಗುವುದು ಕಷ್ಟ. ಪಾರ್ಕರ್ ಮಾದರಿಯದು ಹಿಡಿಯುವಂಥ ಬಿಡಿಭಾಗ ತರಿಸಿದರೆ, ಶಾಯಿ ಮುಗಿದ ದಿನ ಗಿರಾಕಿ ಪೇಟೆಗೆ ಹೋಗಿ ತಾನೇ ಹಾಕಿಸಿಕೊಳ್ಳುತ್ತಾನೆ.