ಒದ್ದೆ ಧಾನ್ಯ ಮೇಲಿರಲಿ
(ವರ್ತಕರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಮದೀನಾದ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಪ್ರವಾದಿ(ಸ)ರು ಕೈಯಿಟ್ಟಾಗ ಅಡಿಯಲ್ಲಿ ತೇವವಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದನು. ಹಾಗಿದ್ದರೆ ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ಅವರು ಪ್ರಶ್ನಿಸಿದರು. ಮಳೆ ಸುರಿದದ್ದು ವ್ಯಾಪಾರಿಯ ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ವ್ಯಾಪಾರದ ಹೆಸರಿಗೆ ಕುತ್ತು ಬಂದಾಗ ನಾವು ನೆನೆಯಬೇಕಾದ ಮೊದಲ ಪಾಠವಿದು.

1982ರಲ್ಲಿ ಅಮೆರಿಕದ ಶಿಕಾಗೋ ಪರಿಸರದಲ್ಲಿ ಟೈಲೆನಾಲ್ ಎಂಬ ನೋವುನಿವಾರಕ ಸೇವಿಸಿದ 7 ಮಂದಿ ಮೃತಪಟ್ಟರು. ಯಾರೋ ಅದರಲ್ಲಿ ಸಯನೈಡ್ ಬೆರೆಸಿದ್ದರು. ತಪ್ಪು ತನ್ನದಲ್ಲವೆಂದು ಜಾನ್ಸನ್ ಆಂಡ್ ಜಾನ್ಸನ್ ಕಂಪೆನಿ ಕೈತೊಳೆದುಕೊಳ್ಳಬಹುದಿತ್ತು. ಬದಲಾಗಿ ಅದು ಜನರನ್ನು ಎಚ್ಚರಿಸಿತು, ಜಾಹೀರಾತು ನಿಲ್ಲಿಸಿತು, ಸುಮಾರು 3.1 ಕೋಟಿ ಬಾಟಲಿಗಳನ್ನು ಹಿಂದಕ್ಕೆ ಪಡೆಯಿತು. ಸುಮಾರು 10 ಕೋಟಿ ಡಾಲರ್ ವೆಚ್ಚವಾಯಿತು; ಆದರೆ ಭದ್ರವಾದ ಮೊಹರಿನೊಂದಿಗೆ ಮರಳಿದ ಆ ಔಷಧವನ್ನು ಜನರು ಮತ್ತೆ ಕೊಂಡರು. ವಿಶ್ವಾಸವಾದರೋ ಒಮ್ಮೆ ಗಳಿಸಿದರೆ ಮುಗಿಯುವಂಥದ್ದಲ್ಲ. ಅದೇ ಕಂಪೆನಿ ಮುಂದೆ ಮಕ್ಕಳ ಪೌಡರಿನ ವಿಷಯದಲ್ಲಿ ಸಾವಿರಾರು ಮೊಕದ್ದಮೆಗಳನ್ನು ಎದುರಿಸಬೇಕಾಯಿತು.

ನಮ್ಮ ದೇಶದಲ್ಲಿ 2015ರ ಜೂನ್‌ನಲ್ಲಿ ಮ್ಯಾಗಿ ನೂಡಲ್ಸ್‌ಗೆ ನಿಷೇಧ ಬಿತ್ತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಅಷ್ಟರೊಳಗೆ ಅಂಗಡಿಗಳ ಕಪಾಟು ಬರಿದಾಗಿತ್ತು. ನ್ಯಾಯಾಲಯದ ತೀರ್ಪಿಗೆ ಜನರ ತೀರ್ಪು ಕಾಯುವುದಿಲ್ಲ.

ಇವು ದೊಡ್ಡ ಕಂಪೆನಿಗಳು; ಪೆಟ್ಟು ತಾಳಿಕೊಂಡವು. ನಮ್ಮ ಬೇಕರಿ, ಹೋಟೆಲು, ಮಾಂಸದಂಗಡಿಗಳು ತಾಳಿಯಾವೇ? 2022ರಲ್ಲಿ ಕರ್ನಾಟಕದಲ್ಲಿ ಜಾತ್ರೆಯ ಅಂಗಡಿಗಳ ಮೇಲೂ ಹಲಾಲ್ ಮಾಂಸದ ಮೇಲೂ ಬಹಿಷ್ಕಾರದ ಕರೆ ಬಂದುದನ್ನು ನಾವು ಕಂಡಿದ್ದೇವೆ. ಇಲ್ಲಿ ಒಂದು ಅಂಗಡಿಯ ತಪ್ಪು ಇಡೀ ಸಮುದಾಯದ ಲೆಕ್ಕಕ್ಕೆ ಸೇರುತ್ತದೆ. ಇದು ಅನ್ಯಾಯವೇ ಸರಿ. ಆದರೆ ನಿಜವಾಗಿ ತಪ್ಪು ನಮ್ಮದಾಗಿರುವಾಗ, ಹಳಸಿದ ಆಹಾರ ಮಾರಿದವನು ಸಮುದಾಯವನ್ನು ಗುರಾಣಿಯಾಗಿ ಹಿಡಿಯುವುದು ಅದಕ್ಕಿಂತ ಕಡಿಮೆ ಅನ್ಯಾಯವಲ್ಲ.

ಆದ್ದರಿಂದ ಸಿದ್ಧತೆ ಇಂದೇ ಆಗಲಿ. ಪರವಾನಗಿ, ಖರೀದಿಯ ರಶೀದಿ, ಪರೀಕ್ಷಾ ವರದಿಗಳು ಒಂದೇ ಕಡತದಲ್ಲಿರಲಿ. ಮಾತನಾಡುವವರು ಯಾರೆಂದು ಮೊದಲೇ ನಿಶ್ಚಯವಾಗಲಿ. ಕೆಲಸದ ಹುಡುಗರು ಜಗಳಕ್ಕಿಳಿಯದಿರಲಿ. ದೂರು ಬಂದ ದಿನವೇ ತಿಳಿದುದನ್ನು ತಿಳಿಸೋಣ, ತಿಳಿಯದುದನ್ನು ಪರಿಶೀಲಿಸುತ್ತಿದ್ದೇವೆ ಎನ್ನೋಣ. ತಪ್ಪಾಗಿದ್ದರೆ ಸರಕು ಹಿಂಪಡೆದು, ನಷ್ಟ ತುಂಬಿ, ಕ್ಷಮೆ ಕೇಳೋಣ. ಪತ್ರಕರ್ತರಾಗಿ ನಾವು ಕಂಡುಕೊಂಡದ್ದಿಷ್ಟು: ಮಾಲಿಕನು ಫೋನ್ ಎತ್ತದಿದ್ದರೆ ಸುದ್ದಿ ನಿಲ್ಲುವುದಿಲ್ಲ, ಅವನ ಮಾತಿಲ್ಲದೆಯೇ ಅಚ್ಚಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾಗಿ, ಪಕ್ಕದಂಗಡಿಯ ಹಿಂದೂ, ಕ್ರೈಸ್ತ ಸಹೋದರರೊಂದಿಗೆ ಸಂಬಂಧ ಹದವಾಗಿರಲಿ. ವದಂತಿ ಹಬ್ಬಿದ ದಿನ ನಮ್ಮ ನೂರು ಸ್ಪಷ್ಟೀಕರಣಗಳಿಗಿಂತ ಅವರ ಒಂದು ಮಾತಿಗೆ ತೂಕ ಹೆಚ್ಚು. ಆ ಮಾತನ್ನು ಅಂದು ಬೇಡಿ ಪಡೆಯಲಾಗದು; ವರ್ಷಗಳ ಸರಿಯಾದ ತೂಕ, ಸರಿಯಾದ ಅಳತೆಯಿಂದ ಗಳಿಸಿರಬೇಕು.

ಅಲ್ಲಾಹನು ನಮ್ಮ ವ್ಯಾಪಾರದಲ್ಲಿ ಸತ್ಯವನ್ನೂ ಸಮೃದ್ಧಿಯನ್ನೂ ಅನುಗ್ರಹಿಸಲಿ. ಆಮೀನ್.