ಒಂದು ರೂಪಾಯಿಯ ಲೆಕ್ಕ

(ಸಂಘದ ವಾರ್ಷಿಕ ಸಮಾರಂಭದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



'ತಂತ್ರಜ್ಞಾನ ಮತ್ತು ಗ್ರಾಹಕ' ಎಂಬ ವಿಷಯವನ್ನು ನನಗೆ ಕೊಟ್ಟಿದ್ದಾರೆ. ವಿಷಯ ದೊಡ್ಡದು, ಸಮಯ ಚಿಕ್ಕದು. ನನ್ನ ಮಾತು ಮುಗಿದ ಕೂಡಲೇ ಬಹುಮಾನ ವಿತರಣೆ ಇದೆಯೆಂಬುದೂ ನನಗೆ ಗೊತ್ತು. ಆದ್ದರಿಂದ ಈ ಸಭೆಯಲ್ಲಿ ಎಲ್ಲರ ಜೇಬಿನಲ್ಲಿ, ಎಲ್ಲರ ಬ್ಯಾಗಿನಲ್ಲಿ ಇರುವ ಮೊಬೈಲ್ ಫೋನನ್ನೇ ಹಿಡಿದುಕೊಂಡು ನಾಲ್ಕು ಮಾತು ಹೇಳುತ್ತೇನೆ.

ನಾನು ಬಹಳ ವರ್ಷ ಸೌದಿ ಅರೇಬಿಯಾದಲ್ಲಿ ದುಡಿದವನು. 2012ರಲ್ಲಿ ರಜೆಯ ಮೇಲೆ ಊರಿಗೆ ಬಂದಾಗ ನನ್ನ ತಂಗಿ ಒಂದು ದೂರು ಹೇಳಿದಳು. ಉಮ್ಮನ ಫೋನಿಗೆ ಹಾಕಿದ ಹಣ ನಿಲ್ಲುವುದಿಲ್ಲ. ಐವತ್ತು ರೂಪಾಯಿಯ ರೀಚಾರ್ಜ್ ಮಾಡಿದರೆ ತಿಂಗಳಾಗುವಾಗ ಇಪ್ಪತ್ತು ಉಳಿದಿರುತ್ತದೆ. ಉಮ್ಮ ಯಾರಿಗೂ ಕರೆ ಮಾಡುವವರಲ್ಲ. ನನ್ನ ಕರೆ ಬಂದರೆ ಎತ್ತುವುದು, ತಂಗಿಗೆ ಒಂದು ಮಿಸ್ಡ್ ಕಾಲ್ ಕೊಡುವುದು, ಇಷ್ಟೇ ಅವರ ಮೊಬೈಲ್ ವ್ಯವಹಾರ. ಕೇಳಿದರೆ, "ನಾನೇ ಏನೋ ಒತ್ತಿರಬೇಕು ಮೋನೇ" ಎಂದು ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು.

ನಾನು ಫೋನ್ ತೆಗೆದು ನೋಡಿದೆ. ಒಳಗೆ ಇಂಗ್ಲಿಷಿನ ಸಂದೇಶಗಳ ರಾಶಿ. ಯಾವ ಆಟಗಾರ ಎಷ್ಟು ರನ್ ಮಾಡಿದ, ಯಾರು ಔಟಾದ ಎಂಬ ಕ್ರಿಕೆಟ್ ಸುದ್ದಿ! ಎಪ್ಪತ್ತು ದಾಟಿದ, ಕುರ್‌ಆನ್ ಓದಲು ಬಲ್ಲ, ಆದರೆ ಇಂಗ್ಲಿಷಿನ ಒಂದಕ್ಷರವೂ ತಿಳಿಯದ ನನ್ನ ಉಮ್ಮ ದಿನಕ್ಕೆ ಒಂದು ರೂಪಾಯಿ ಕೊಟ್ಟು ಕ್ರಿಕೆಟ್ ಸ್ಕೋರ್ ತರಿಸಿಕೊಳ್ಳುತ್ತಿದ್ದರು. ಕಂಪನಿಯ ಸಹಾಯವಾಣಿಗೆ ಮೂರು ದಿನದಲ್ಲಿ ಐದು ಬಾರಿ ಕರೆ ಮಾಡಿದೆ. ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ ಎಂದು ಯಂತ್ರವೇ ಮಾತನಾಡುತ್ತಿತ್ತು. ಕೊನೆಗೆ ಸಿಕ್ಕಿದ ಹುಡುಗ, "ಸರ್, ಗ್ರಾಹಕರೇ ಒಪ್ಪಿಗೆ ಕೊಟ್ಟಿದ್ದಾರೆ, ನಮ್ಮಲ್ಲಿ ದಾಖಲೆ ಇದೆ" ಎಂದ. ಆ ಹುಡುಗನದ್ದು ತಪ್ಪಿಲ್ಲ, ಅವನ ಮುಂದಿನ ಪರದೆಯಲ್ಲಿ ಹಾಗೆ ಇದ್ದಿರಬೇಕು. ತುಂಬ ವಾದ ಮಾಡಿದ ಮೇಲೆ 'ವಿಶೇಷ ಪ್ರಕರಣ' ಎಂದು ಪರಿಗಣಿಸಿ ಅರವತ್ತು ರೂಪಾಯಿ ವಾಪಸು ಹಾಕಿದರು. ಉಮ್ಮ ಕೇಳಿದ ಪ್ರಶ್ನೆ ನನಗೆ ಇಂದಿಗೂ ನೆನಪಿದೆ: "ಹಣ ನಮ್ಮದೇ ಅಲ್ಲವಾ, ಅದರಲ್ಲಿ ವಿಶೇಷ ಏನು?"

ಸುದ್ದಿ ನೆರೆಕರೆಗೆ ಹಬ್ಬಿತು. ಮುಂದಿನ ಶುಕ್ರವಾರ ಮಧ್ಯಾಹ್ನ ಏಳು ಮಂದಿ ಹೆಂಗಸರು ತಮ್ಮ ಫೋನುಗಳನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ನಾಲ್ಕರಲ್ಲಿ ಇದೇ ಕಾಯಿಲೆ. ಒಬ್ಬರ ಫೋನಿಗೆ ದಿನವೂ ರಾಶಿ ಭವಿಷ್ಯ ಬರುತ್ತಿತ್ತು, ಹಣ ಕೊಟ್ಟು! ಅವರ ಯಜಮಾನರು ಮಸೀದಿಯ ಆಡಳಿತ ಸಮಿತಿಯವರು. ನಾವೆಲ್ಲ ನಕ್ಕೆವು. ಆದರೆ ಎಷ್ಟು ತಿಂಗಳಿಂದ ಕಡಿತವಾಗುತ್ತಿತ್ತೆಂದು ಲೆಕ್ಕ ಹಾಕಿದಾಗ ಯಾರಿಗೂ ನಗು ಬರಲಿಲ್ಲ.

ಇಂಥ ಮೋಸ ಹಳ್ಳಿಯ ಅನಕ್ಷರಸ್ಥರಿಗೆ ಮಾತ್ರ ಆಗುತ್ತದೆ ಎಂದು ಭಾವಿಸಬೇಡಿ. ಇದೇ ವ್ಯಾಧಿ ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಪ್ರಮಾಣದಲ್ಲಿ ಇತ್ತು. ಅಲ್ಲಿ ಅದಕ್ಕೆ 'ಕ್ರ್ಯಾಮಿಂಗ್' ಎಂದು ಹೆಸರು, ಅಂದರೆ ಗಿರಾಕಿ ಕೇಳದ ಸೇವೆಯ ಶುಲ್ಕವನ್ನು ಬಿಲ್ಲಿನೊಳಗೆ ತುರುಕುವುದು. ಪ್ರೇಮ ಸಲಹೆ, ರಾಶಿ ಭವಿಷ್ಯ, ಸ್ವಾರಸ್ಯದ ಸಂಗತಿಗಳು ಎಂಬ ಸಂದೇಶಗಳಿಗೆ ತಿಂಗಳಿಗೆ ಸಾಮಾನ್ಯವಾಗಿ 9.99 ಡಾಲರ್ ಕಡಿತವಾಗುತ್ತಿತ್ತು. ಹಲವು ಪುಟಗಳ ಬಿಲ್ಲಿನಲ್ಲಿ ಎಲ್ಲೋ ಮೂಲೆಯಲ್ಲಿ ಅದು ಅಡಗಿರುತ್ತಿತ್ತು. ಇಂಥ ಶುಲ್ಕದಲ್ಲಿ ಫೋನ್ ಕಂಪನಿಗೂ ಪಾಲು ಇತ್ತೆಂಬುದು ಸರ್ಕಾರಿ ತನಿಖೆಯಲ್ಲಿ ಹೊರಬಂತು. 2014ರ ಅಕ್ಟೋಬರಿನಲ್ಲಿ ಎಟಿ ಅಂಡ್ ಟಿ ಕಂಪನಿ 10.5 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದರಲ್ಲಿ 8 ಕೋಟಿ ಡಾಲರ್ ಗ್ರಾಹಕರಿಗೆ ಹಿಂತಿರುಗಿಸಲು. ಅದೇ ವರ್ಷದ ಕೊನೆಗೆ ಟಿ-ಮೊಬೈಲ್, 2015ರ ಮೇ ತಿಂಗಳಲ್ಲಿ ವೆರೈಝಾನ್ ಮತ್ತು ಸ್ಪ್ರಿಂಟ್ ಸಹ ಹಣ ತೆತ್ತವು. ಅಂದರೆ ಅಲ್ಲಿನ ನಾಲ್ಕೂ ದೊಡ್ಡ ಕಂಪನಿಗಳು ಒಂದೇ ಸಾಲಿನಲ್ಲಿ ನಿಂತವು. ನಮ್ಮಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್, 2013ರಲ್ಲಿ ಆಜ್ಞೆ ಹೊರಡಿಸಿ, ಇಂಥ ಸೇವೆ ಆರಂಭಿಸುವ ಮೊದಲು ಗ್ರಾಹಕನಿಂದ ಎರಡು ಬಾರಿ ಒಪ್ಪಿಗೆ ಪಡೆಯಲೇಬೇಕು ಎಂದಿತು. ಒಂದು ವರ್ಷ ಮೊದಲೇ ಇದು ಬಂದಿದ್ದರೆ ಉಮ್ಮನ ಕ್ರಿಕೆಟ್ ನಿಲ್ಲುತ್ತಿತ್ತು.

ಇಲ್ಲಿ ಒಂದು ಹದೀಸ್ ನೆನಪಾಗುತ್ತದೆ. ಪ್ರವಾದಿವರ್ಯರು (ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದರು. ಮೇಲೆ ಒಣಗಿದ್ದ ಧಾನ್ಯ ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದಾಗ, ಹಾಗಾದರೆ ಜನರಿಗೆ ಕಾಣುವಂತೆ ಒದ್ದೆಯದನ್ನು ಮೇಲಿಡಬಾರದಿತ್ತೇ ಎಂದು ಅವರು ವಿಚಾರಿಸಿದರು. ನೆನೆದ ಧಾನ್ಯ ಮಾರಬೇಡ ಎಂದು ಅವರು ಹೇಳಲಿಲ್ಲ ಎಂಬುದನ್ನು ಗಮನಿಸಿ. ಬಚ್ಚಿಡಬೇಡ ಎಂಬುದೇ ಮಾತಿನ ತಿರುಳು. ಅಳತೆಯಲ್ಲಿ ಕಡಿಮೆ ಕೊಡುವವರ ಹೆಸರಿನಲ್ಲೇ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ, 83ನೆಯದು. ಇಂದಿನ ಜಾಹೀರಾತಿನ ಕೆಳಗೆ ಸಾಸಿವೆ ಗಾತ್ರದ ಅಕ್ಷರದಲ್ಲಿ 'ಷರತ್ತುಗಳು ಅನ್ವಯ' ಎಂದು ಬರೆದಿರುತ್ತಾರಲ್ಲ, ನನಗೆ ಅದು ಆ ರಾಶಿಯೊಳಗಿನ ಒದ್ದೆ ಧಾನ್ಯದಂತೆ ಕಾಣುತ್ತದೆ.

ಉದಾಹರಣೆಗೆ ತಿಂಗಳ ರೀಚಾರ್ಜ್. ತಿಂಗಳು ಎಂದರೆ ನಮಗೆ 30 ದಿನ ಅಥವಾ 31 ದಿನ. ಕಂಪನಿಗಳ ತಿಂಗಳು 28 ದಿನದ್ದು. ಲೆಕ್ಕದ ವಿದ್ಯಾರ್ಥಿಗಳು ಇಲ್ಲಿದ್ದೀರಿ: 28ನ್ನು 13ರಿಂದ ಗುಣಿಸಿದರೆ 364. ಅಂದರೆ ವರ್ಷಕ್ಕೆ ಹನ್ನೆರಡು ಬಾರಿ ಕೊಡುವ ಹಣವನ್ನು ನಾವು ಹದಿಮೂರು ಬಾರಿ ಕೊಡುತ್ತೇವೆ. 2022ರ ಜನವರಿಯಲ್ಲಿ ಟ್ರಾಯ್, ಪ್ರತಿಯೊಂದು ಕಂಪನಿಯೂ ಕನಿಷ್ಠ ಒಂದು 30 ದಿನದ ಯೋಜನೆಯನ್ನೂ, ಪ್ರತಿ ತಿಂಗಳು ಅದೇ ತಾರೀಕಿಗೆ ನವೀಕರಿಸುವ ಒಂದು ಯೋಜನೆಯನ್ನೂ ಇಡಬೇಕು ಎಂದು ಆದೇಶಿಸಿತು. ಹೀಗೊಂದು ಯೋಜನೆ ಇದೆಯೆಂದು ಅಂಗಡಿಯವನು ತಾನಾಗಿ ನಿಮಗೆ ಹೇಳಿದ್ದಾನೆಯೇ?

'ಲೈಫ್‌ಟೈಮ್' ಕಥೆಯೂ ಹಾಗೆಯೇ. 2005-06ರ ಸುಮಾರಿಗೆ, ಒಮ್ಮೆ ಹಣ ಕಟ್ಟಿದರೆ ಒಳಬರುವ ಕರೆ ಜೀವನಪೂರ್ತಿ ಎಂದು ಸಾರಿದರು. 2018ರ ಕೊನೆಗೆ, ಕನಿಷ್ಠ 35 ರೂಪಾಯಿಯ ರೀಚಾರ್ಜ್ ಮಾಡುತ್ತಿರದಿದ್ದರೆ ಸೇವೆ ನಿಲ್ಲುತ್ತದೆ ಎಂಬ ಸಂದೇಶ ಬರತೊಡಗಿತು. ಯಾರ ಜೀವನ ಎಂದು ಮೊದಲೇ ಕೇಳಬೇಕಿತ್ತು! ಮುಂದೆ ಇಂಟರ್ನೆಟ್ ಸೇರಿಸಿದ ಯೋಜನೆಗಳೇ ಮಾರುಕಟ್ಟೆಯನ್ನು ತುಂಬಿದವು. ಗುಂಡಿಯ ಫೋನ್ ಬಳಸುವ ಅಜ್ಜ ತಾನು ಎಂದೂ ಮುಟ್ಟದ ಡೇಟಾಕ್ಕೂ ಹಣ ಕೊಟ್ಟ. 2024ರ ಡಿಸೆಂಬರಿನಲ್ಲಿ ಟ್ರಾಯ್, ಕರೆ ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರ ಪ್ರತ್ಯೇಕ ಯೋಜನೆ ಇರಲೇಬೇಕು ಎಂದು ನಿಯಮ ಮಾಡಿತು. ನಿಮ್ಮ ಮನೆಯಲ್ಲಿ ಗುಂಡಿಯ ಫೋನ್ ಇದ್ದರೆ ಇದನ್ನು ನೆನಪಿಡಿ.

ಬಡವನಿಗೇ ಹೆಚ್ಚು ಬೆಲೆ ಬೀಳುವ ಈ ವಿಚಿತ್ರ ದಕ್ಷಿಣ ಆಫ್ರಿಕಾದಲ್ಲಿ ದೊಡ್ಡ ಚಳವಳಿಯನ್ನೇ ಹುಟ್ಟಿಸಿತು. 2016ರಲ್ಲಿ ಅಲ್ಲಿನ ಯುವಜನರು 'ಡೇಟಾ ಬೆಲೆ ಇಳಿಯಲೇಬೇಕು' ಎಂಬ ಕೂಗೆಬ್ಬಿಸಿದರು. ಅಲ್ಲಿನ ಸ್ಪರ್ಧಾ ಆಯೋಗ ವಿಚಾರಣೆ ನಡೆಸಿ 2019ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. ಚಿಕ್ಕ ಪೊಟ್ಟಣ ಕೊಳ್ಳುವ ಬಡವನು ಪ್ರತಿ ಎಂಬಿಗೆ ದೊಡ್ಡ ಪೊಟ್ಟಣ ಕೊಳ್ಳುವ ಶ್ರೀಮಂತನಿಗಿಂತ ಬಹಳ ಹೆಚ್ಚು ಕೊಡುತ್ತಿದ್ದಾನೆ, ಇದು ಬಡವರ ವಿರುದ್ಧದ ಬೆಲೆ ಎಂದು ಅದು ಸ್ಪಷ್ಟವಾಗಿ ಹೇಳಿತು. 2020ರ ಏಪ್ರಿಲಿನಲ್ಲಿ ವೊಡಾಕಾಮ್ ಕಂಪನಿ ಒಂದು ಜಿಬಿಯ ಬೆಲೆಯನ್ನು 149 ರ‍್ಯಾಂಡಿನಿಂದ 99ಕ್ಕೆ ಇಳಿಸಿತು. ಕೇಳಿದ್ದರಿಂದ ಇಳಿಯಿತು, ತಾನಾಗಿ ಇಳಿಯಲಿಲ್ಲ.

ಇನ್ನು ಗಲ್ಫ್. ಈ ಸಭೆಯಲ್ಲಿ ಗಲ್ಫಿನ ಹಂಗಿಲ್ಲದ ಮನೆ ಎಷ್ಟಿದೆಯೋ ನಾನರಿಯೆ. ನಾನು ಹೋದ ಕಾಲದಲ್ಲಿ ಊರಿಗೆ ಹೋಗುವವರ ಕೈಯಲ್ಲಿ ಮಾತು ತುಂಬಿದ ಕ್ಯಾಸೆಟ್ ಕಳುಹಿಸುತ್ತಿದ್ದೆವು. ಒಂದು ಬದಿಯಲ್ಲಿ ಉಮ್ಮನಿಗೆ, ಇನ್ನೊಂದು ಬದಿಯಲ್ಲಿ ಹೆಂಡತಿಗೆ. ಉತ್ತರದ ಕ್ಯಾಸೆಟ್ ಬರುವಾಗ ಎರಡು ತಿಂಗಳು. ಶುಕ್ರವಾರ ನಮಾಜಿನ ನಂತರ ಟೆಲಿಫೋನ್ ಕ್ಯಾಬಿನಿನ ಎದುರು ಸಾಲು ನಿಂತು ಮೂರು ನಿಮಿಷ ಮಾತಾಡಿ, ಅದರಲ್ಲಿ ಒಂದು ನಿಮಿಷ ಅತ್ತು, ಹೊರಗೆ ಬರುತ್ತಿದ್ದೆವು. ಆಮೇಲೆ ಕಾರ್ಡುಗಳು ಬಂದವು. ಕಾರ್ಡಿನ ಮೇಲೆ ಬರೆದಷ್ಟು ನಿಮಿಷ ನನಗೆ ಒಮ್ಮೆಯೂ ಸಿಕ್ಕಿದ್ದಿಲ್ಲ. ಯಾರಲ್ಲಿ ಕೇಳುವುದು? ಬಕಾಲದವನು ಕಾರ್ಡ್ ಮಾರಿದವನಷ್ಟೆ.

ಇಂಟರ್ನೆಟ್ ಮೂಲಕ ಪುಕ್ಕಟೆಯಾಗಿ ಮಾತಾಡಬಹುದು, ಮಗುವಿನ ಮುಖವನ್ನೂ ನೋಡಬಹುದು ಎಂಬ ಕಾಲ ಬಂದಾಗ ಅಲ್ಲಿ ಅದಕ್ಕೆ ತಡೆಯಿತ್ತು. ಸೌದಿಯಲ್ಲಿ ಆ ತಡೆಯನ್ನು ತೆಗೆದದ್ದು 2017ರ ಸೆಪ್ಟೆಂಬರ್ 21ರಂದು. ಅರಬ್ ಎಮಿರೇಟ್ಸಿನಲ್ಲಿ ಸ್ಕೈಪ್, ವಾಟ್ಸ್ಯಾಪ್ ಕರೆಗಳಿಗೆ ಅವಕಾಶ ಕೊಡದೆ, ಅನುಮತಿ ಪಡೆದ ಬೇರೆ ಆ್ಯಪ್‌ಗಳನ್ನು ಬಳಸಲು 2018ರ ಆರಂಭದಲ್ಲಿ ತಿಂಗಳಿಗೆ 50 ದಿರ್ಹಂನ ಯೋಜನೆ ತಂದರು. ಸಾವಿರ ದಿರ್ಹಂ ಸಂಬಳದವನಿಗೆ ಅದು ಇಪ್ಪತ್ತರಲ್ಲಿ ಒಂದು ಪಾಲು, ಡೇಟಾದ ಹಣ ಬೇರೆ. ಅಲ್ಲಿಯ ಜಾಲ ಚೆನ್ನಾಗಿಲ್ಲ ಎಂದು ನಾನು ಹೇಳಲಾರೆ. ಮರುಭೂಮಿಯ ನಡುವೆಯೂ ಸಿಗ್ನಲ್ ಸಿಗುತ್ತಿತ್ತು. ನೋವು ಬೇರೆಯದು. ದಾರಿ ತೆರೆದಿದೆ, ಗೇಟು ಹಾಕಿದ್ದಾರೆ. ಆ ಗೇಟಿನ ಹಣ ಕೊಡುವವನು ಮನೆಯಿಂದ ಅತಿ ದೂರ ಇರುವವನು, ಅತಿ ಕಡಿಮೆ ಸಂಬಳದವನು.

ಅದೇ ಎಮಿರೇಟ್ಸಿನ ಇನ್ನೊಂದು ಘಟನೆ ವಿದ್ಯಾರ್ಥಿಗಳು ತಿಳಿಯಬೇಕಾದದ್ದು. 2009ರ ಜುಲೈಯಲ್ಲಿ ಎತಿಸಲಾತ್ ಕಂಪನಿ ತನ್ನ ಬ್ಲ್ಯಾಕ್‌ಬೆರಿ ಗ್ರಾಹಕರಿಗೆ, ಸೇವೆ ಉತ್ತಮಪಡಿಸಲು ಎಂದು ಹೇಳಿ ಒಂದು ತಂತ್ರಾಂಶ ಕಳುಹಿಸಿತು. ಹಾಕಿಕೊಂಡವರ ಬ್ಯಾಟರಿ ನೋಡುನೋಡುತ್ತಾ ಖಾಲಿಯಾಗತೊಡಗಿತು. ಜನ ಗೊಣಗಿದರು, ದೂರಿದರು, ಕೆಲವು ತಿಳಿದವರು ಬಿಚ್ಚಿ ನೋಡಿದರು. ಅದು ಕದ್ದು ನೋಡುವ ತಂತ್ರಾಂಶವೆಂದು ಬ್ಲ್ಯಾಕ್‌ಬೆರಿ ತಯಾರಿಸುವ ಕಂಪನಿಯೇ ಬಹಿರಂಗವಾಗಿ ಹೇಳಿ, ಅದನ್ನು ತೆಗೆಯುವ ಸಾಧನವನ್ನೂ ಕೊಟ್ಟಿತು. ಬ್ಯಾಟರಿ ನಿಲ್ಲುವುದಿಲ್ಲ ಎಂಬ ಸಣ್ಣ ದೂರು ಎಲ್ಲಿಗೆ ಮುಟ್ಟಿತು ನೋಡಿ. ಬ್ಯಾಟರಿಯದೇ ಮತ್ತೊಂದು ಪ್ರಕರಣ: ಹಳೆಯ ಐಫೋನುಗಳ ವೇಗವನ್ನು ತಾನೇ ತಗ್ಗಿಸಿದ್ದೆಂದು ಆ್ಯಪಲ್ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಗ್ರಾಹಕರಿಗೆ ತಿಳಿಸಲಿಲ್ಲ ಎಂಬ ಕಾರಣಕ್ಕೆ ಫ್ರಾನ್ಸ್ 2020ರಲ್ಲಿ 2.5 ಕೋಟಿ ಯೂರೋ ದಂಡ ವಿಧಿಸಿತು. ಮತ್ತೆ ಅದೇ ಒದ್ದೆ ಧಾನ್ಯ.

ಬ್ರಿಟನಿನ ಒಂದು ವ್ಯವಸ್ಥೆ ನನಗೆ ಮೆಚ್ಚುಗೆಯಾಗಿದೆ. 2019ರ ಏಪ್ರಿಲ್ 1ರಿಂದ, ಯೋಜನೆಗೆ ಸೇರಿದ ಕಂಪನಿಗಳು ಸ್ಥಿರ ದೂರವಾಣಿ ಅಥವಾ ಬ್ರಾಡ್‌ಬ್ಯಾಂಡ್ ಕೆಟ್ಟು ಎರಡು ಕೆಲಸದ ದಿನಗಳೊಳಗೆ ಸರಿಪಡಿಸದಿದ್ದರೆ ನಂತರದ ಪ್ರತಿ ದಿನಕ್ಕೆ 8 ಪೌಂಡ್, ರಿಪೇರಿಯವನು ಹೇಳಿದ ಹೊತ್ತಿಗೆ ಬಾರದಿದ್ದರೆ 25 ಪೌಂಡ್ ಕೊಡಬೇಕೆಂದು ಆರಂಭದಲ್ಲಿ ಗೊತ್ತುಮಾಡಿದರು. ವಿಶೇಷವೆಂದರೆ ಪರಿಹಾರಕ್ಕೆ ಗ್ರಾಹಕ ಅರ್ಜಿ ಹಾಕಬೇಕಾಗಿಲ್ಲ, ಅದು ತಾನಾಗಿ ಬಿಲ್ಲಿಗೆ ಜಮೆಯಾಗುತ್ತದೆ. ನಮ್ಮಲ್ಲಿಯೂ ಅಂಥದೊಂದು ಪ್ರಯತ್ನ ನಡೆದಿತ್ತು. ಮಾತಿನ ನಡುವೆ ಕರೆ ಕಡಿದರೆ ಒಂದು ರೂಪಾಯಿ, ದಿನಕ್ಕೆ ಹೆಚ್ಚೆಂದರೆ ಮೂರು ರೂಪಾಯಿ ಕೊಡಬೇಕೆಂದು ಟ್ರಾಯ್ 2015ರಲ್ಲಿ ನಿಯಮ ಮಾಡಿತು. ಕಂಪನಿಗಳು ಕೋರ್ಟಿಗೆ ಹೋದವು. 2016ರ ಮೇ 11ರಂದು ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದು ಮಾಡಿತು. ತೀರ್ಪಿನ ಕಾನೂನಿನ ತರ್ಕವನ್ನು ನಾನು ಪ್ರಶ್ನಿಸುವುದಿಲ್ಲ, ಆದರೆ ಆ ಒಂದು ರೂಪಾಯಿ ನಮಗೆ ಬರಲಿಲ್ಲ.

ಬೇರೊಂದು ಬಾಗಿಲು ತೆರೆದಿದೆ, ಅದು ಹೆಚ್ಚಿನವರಿಗೆ ಗೊತ್ತಿಲ್ಲ. 2009ರ ಸೆಪ್ಟೆಂಬರಿನಲ್ಲಿ ಕೇರಳದ ಗ್ರಾಹಕರೊಬ್ಬರ ಪ್ರಕರಣದಲ್ಲಿ, ಫೋನಿನ ತಕರಾರುಗಳಿಗೆ ಹಳೆಯ ಟೆಲಿಗ್ರಾಫ್ ಕಾಯ್ದೆಯಲ್ಲಿ ಪಂಚಾಯ್ತಿಕೆಯ ದಾರಿ ಇರುವುದರಿಂದ ಗ್ರಾಹಕ ನ್ಯಾಯಾಲಯಕ್ಕೆ ಹೋಗುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಎಷ್ಟೋ ದೂರುಗಳು ಆ ಒಂದು ಮಾತಿನಿಂದ ವಾಪಸಾದವು. ಆಮೇಲೆ ಅಹಮದಾಬಾದಿನ ಗ್ರಾಹಕರೊಬ್ಬರಿಗೆ, ಸರಾಸರಿ 555 ರೂಪಾಯಿ ಬರುತ್ತಿದ್ದ ಬಿಲ್ಲು 2013ರ ನವೆಂಬರ್-ಡಿಸೆಂಬರಿನಲ್ಲಿ 24 ಸಾವಿರ ದಾಟಿ ಬಂತು. ಅವರು ಬಿಡಲಿಲ್ಲ. ಜಿಲ್ಲಾ ವೇದಿಕೆಯಿಂದ ದಿಲ್ಲಿಯವರೆಗೆ ಹೋರಾಟ ನಡೆಯಿತು. ಫೋನಿನ ಗ್ರಾಹಕನೂ ಗ್ರಾಹಕನೇ, ಅವನು ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದು ಎಂದು 2022ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಒಬ್ಬ ಮನುಷ್ಯನ ಬಿಲ್ಲಿನ ಜಗಳದಿಂದ ದೇಶದ ಎಲ್ಲರಿಗೂ ದಾರಿಯಾಯಿತು.

ಈಗ ಮಾಡಬೇಕಾದ್ದನ್ನು ಹೇಳಿಬಿಡುತ್ತೇನೆ, ಬರೆದುಕೊಳ್ಳುವವರು ಬರೆದುಕೊಳ್ಳಿ. ಸಹಾಯವಾಣಿಗೆ ಕರೆ ಮಾಡಿದಾಗ ದೂರಿನ ಡಾಕೆಟ್ ನಂಬರು ಕೇಳಿ ಪಡೆಯಿರಿ. ಅದಿಲ್ಲದಿದ್ದರೆ ನೀವು ದೂರಿದ್ದಕ್ಕೆ ಸಾಕ್ಷಿಯೇ ಇಲ್ಲ. ಅಲ್ಲಿ ನ್ಯಾಯ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಿರಿ. ಅದಕ್ಕೆ ಶುಲ್ಕವಿಲ್ಲ. ಟ್ರಾಯ್ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ, ಅಲ್ಲಿಗೆ ಬರೆದು ಕಾಯುತ್ತಾ ಕೂರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕೆಂದಿಲ್ಲ, ಆದರೆ ಎರಡು ವರ್ಷದೊಳಗೆ ಹೋಗಬೇಕು. ಬಿಲ್ಲು, ಸಂದೇಶ ಯಾವುದನ್ನೂ ಅಳಿಸಬೇಡಿ. ಬೇಡದ ಜಾಹೀರಾತು ಕರೆಗಳಿಗೆ 1909.

ಇಷ್ಟೆಲ್ಲ ಯಾರು ಮಾಡುತ್ತಾರೆ, ಒಂದು ರೂಪಾಯಿಗಾಗಿ? ನಾನೂ ಹಾಗೆ ಎಣಿಸುತ್ತಿದ್ದೆ. ಆದರೆ ಕಂಪನಿಯ ಲೆಕ್ಕ ನಿಂತಿರುವುದೇ ನಾವು ಹಾಗೆ ಎಣಿಸುವುದರ ಮೇಲೆ. ಲಕ್ಷ ಜನರಿಂದ ದಿನಕ್ಕೆ ಒಂದು ರೂಪಾಯಿ ಎಂದರೆ ವರ್ಷಕ್ಕೆ ಮೂರು ಕೋಟಿ ಅರವತ್ತೈದು ಲಕ್ಷ.

ನಮ್ಮ ಉಮ್ಮ ಈಗಿಲ್ಲ. ಅವರ ಆ ಫೋನ್ ನನ್ನ ಬಳಿ ಇದೆ. ಊಟದ ನಂತರ ನಾನು ಗ್ರಂಥಾಲಯದ ಕೋಣೆಯಲ್ಲಿ ಕುಳಿತಿರುತ್ತೇನೆ. ಮಕ್ಕಳೇ, ನಿಮ್ಮ ಉಮ್ಮನ, ಅಜ್ಜಿಯ ಫೋನನ್ನು ಕೇಳಿ ತೆಗೆದುಕೊಂಡು ಬನ್ನಿ. ಕಳೆದ ಮೂರು ತಿಂಗಳ ಕಡಿತಗಳನ್ನು ಒಟ್ಟಿಗೆ ನೋಡೋಣ. ದೂರಿನ ಪತ್ರದ ಮಾದರಿಯನ್ನು ಕನ್ನಡದಲ್ಲಿಯೇ ಬರೆದು ತಂದಿದ್ದೇನೆ, ಐವತ್ತು ಪ್ರತಿ ಇದೆ.